ಭೂತಬಂಗಲೆಗೆ ಬಂದ ಬೀಗರು

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಂಡಿಲ್ಲ. ಹಾಲಿನವನಿಗೂ ಅವರು ಕಂಡಕ್ಟರು, ಅಂಚೆಯವನಿಗೂ ಕಂಡಕ್ಟರು. ಸ್ವಂತ ಹೆಂಡತಿಯೇ ಬಂದವರ ಮುಂದೆ "ನಮ್ಮ ಕಂಡಕ್ಟರು ಮಲಗಿದಾರೆ, ಆಮೇಲೆ ಬನ್ನಿ" ಅನ್ನುತ್ತಿದ್ದರು. ಬಸ್ಸಿನ ಕೆಲಸದಿಂದ ನಿವೃತ್ತರಾದರೂ ಆ ಹೆಸರು ಮಾತ್ರ ನಿವೃತ್ತವಾಗಲಿಲ್ಲ.

ನಿಂತರೆ ಎರಡು ಕಾಲನ್ನೂ ಅಗಲಿಸಿ, ಸೊಂಟವನ್ನು ಯಾವುದಕ್ಕಾದರೂ ಆನಿಸಿಯೇ ನಿಲ್ಲುವರು. ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಆನಿಸುವರು, ಅಂಗಳದಲ್ಲಿ ಗೇಟಿಗೆ. ಮನೆ ಯಾವ ಕ್ಷಣದಲ್ಲಾದರೂ ತಿರುವು ತೆಗೆದುಕೊಂಡೀತು ಎಂಬ ಎಚ್ಚರ ಅವರ ಮೈಯಲ್ಲಿ ಉಳಿದುಬಿಟ್ಟಿತ್ತು.

ನಿವೃತ್ತಿಯಾದ ಮೊದಲ ತಿಂಗಳು ಚೆನ್ನಾಗಿ ನಿದ್ದೆ ಮಾಡಿದರು. ಎರಡನೆಯ ತಿಂಗಳು ಹೆಂಡತಿಯ ಕೆಲಸದಲ್ಲಿ ಕೈ ಹಾಕಿದರು. ಆಕೆ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಅಳತೆ ಕೊಡಲು ಬಂದವರನ್ನು ಕಂಡಕ್ಟರು ಬಾಗಿಲಲ್ಲೇ ತಡೆದು, "ಒಬ್ಬೊಬ್ಬರಾಗಿ ಬನ್ನಿ. ಇಳಿಯೋರಿಗೆ ಮೊದಲು ದಾರಿ ಬಿಡಿ. ಬಾಗಿಲಲ್ಲಿ ನಿಲ್ಲಬೇಡಿ" ಎನ್ನತೊಡಗಿದರು. ಬರುವವರು ಕಡಿಮೆಯಾದರು. ಬಂದವರೂ ಯಾಕೋ ಬೇಗ ಬೇಗ ಇಳಿದುಹೋಗುತ್ತಿದ್ದರು.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಾದ್ರೂ ಕೆಲಸಕ್ಕೆ ಸೇರ್ಕೊಳ್ಳಿ" ಎಂದರು ಹೆಂಡತಿ. "ಸಂಬಳ ಕೊಡದಿದ್ರೂ ಪರವಾಗಿಲ್ಲ."

ದಾರಿ ತೋರಿಸಿದವನು ಅವರ ಮಹಡಿಯ ಮೇಲಿನ ಬಾಡಿಗೆಯ ಪೇಂಟರ್. ಊರಾಚೆಯ ಥೀಮ್ ಪಾರ್ಕಿನಲ್ಲಿ ಅವನು ಬಣ್ಣ ಬಳಿಯುತ್ತಿದ್ದ. ಪಾರ್ಕಿನವರು ಆ ವರ್ಷ ಇಡೀ ಒಂದು ತಿಂಗಳು ಹ್ಯಾಲೋವೀನ್ ಸಂಜೆಗಳು ಎಂದು ಘೋಷಿಸಿ, ಹಳೆಯ ಗೋದಾಮನ್ನು ಭೂತಬಂಗಲೆ ಮಾಡಿದ್ದರು. ಬಂಗಲೆ ಸಿದ್ಧವಾಗಿತ್ತು, ಭೂತಗಳಿರಲಿಲ್ಲ.

"ಅಂಕಲ್, ದೆವ್ವಗಳು ಬೇಕಾಗಿದಾರೆ. ವಯಸ್ಸಿನ ನಿರ್ಬಂಧ ಇಲ್ಲ" ಎಂದ ಪೇಂಟರ್.

ಸಂದರ್ಶನ ಮಾಡಿದವರು ಒಬ್ಬ ಮೇಡಂ. ಚಿಕ್ಕ ವಯಸ್ಸು. ಸೊಂಟದಲ್ಲಿ ವಾಕಿಟಾಕಿ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಅವರನ್ನೇ ದೆವ್ವ ಮಾಡಿದ್ದರೆ ಬಣ್ಣದ ಖರ್ಚು ಉಳಿಯುತ್ತಿತ್ತು.

"ಕಿರುಚಕ್ಕೆ ಬರತ್ತಾ?" ಎಂದು ಕೇಳಿದರು ಮೇಡಂ.

"ಮೇಡಂ, ಹಿಂದಿನ ಬಾಗಿಲಲ್ಲಿ ನಿಂತು ಡ್ರೈವರಿಗೆ ಕೇಳೋ ಹಾಗೆ ಕೂಗಿದೋನು ನಾನು."

"ಒಂದ್ಸಲ ಕಿರುಚಿ, ನೋಡೋಣ."

ಕಂಡಕ್ಟರು ಕಾಲು ಅಗಲಿಸಿ, ಉಸಿರೆಳೆದು, ಬಾಯಿ ತೆರೆದರು. ಹೊರಬಂದದ್ದು "ಹೋಲ್ಡಾನ್!" ಎಂಬ ಕೂಗು. ಓಣಿಯಲ್ಲಿ ಚಹಾದ ತಟ್ಟೆ ಹಿಡಿದು ಹೋಗುತ್ತಿದ್ದವನು ಹೆಜ್ಜೆ ಎತ್ತಿದಲ್ಲೇ ನಿಂತುಬಿಟ್ಟ. ಮೇಡಂ ಒಂದು ನಿಮಿಷ ಯೋಚಿಸಿ, "ನಿಮ್ಮನ್ನ ಶವಪೆಟ್ಟಿಗೇಲಿ ಮಲಗಿಸ್ತೀವಿ. ಜನ ಬಂದಾಗ ಎದ್ದು ಕೂತ್ಕೊಳ್ಳಿ. ದಯವಿಟ್ಟು ಮಾತಾಡಬೇಡಿ" ಎಂದರು.

ಹೀಗೆ ಕಂಡಕ್ಟರು ದೆವ್ವವಾದರು. ಮನೆಯಲ್ಲಿ ಮಾತ್ರ ಹಾಗೆ ಹೇಳಲು ನಾಲಗೆ ಏಳಲಿಲ್ಲ. ಮಗಳ ಮದುವೆ ಮಾಡಿದ ಮನುಷ್ಯ, ಕನ್ನಡಕ ಹಾಕುವ ವಯಸ್ಸು, ಬಿಳಿ ನಿಲುವಂಗಿ ತೊಟ್ಟು ಪೆಟ್ಟಿಗೆಯಲ್ಲಿ ಮಲಗುತ್ತೇನೆ ಎನ್ನುವುದು ಹೇಗೆ? "ಜನರನ್ನ ನೋಡ್ಕೊಳ್ಳೋ ಕೆಲಸ ಕಣೇ" ಎಂದು ಹೆಂಡತಿಗೆ ಹೇಳಿ ಸುಮ್ಮನಾದರು. ಆಕೆ ಮಗಳಿಗೆ ಫೋನಿನಲ್ಲಿ "ಅಪ್ಪ ಸೂಪರ್ವೈಸರ್ ಆಗಿದಾರೆ" ಎಂದರು. ಮಗಳು ತನ್ನ ಅತ್ತೆಗೆ ಹೇಳುವಾಗ ಅದು "ಮ್ಯಾನೇಜರ್ ಥರ" ಆಯಿತು. ಅತ್ತೆ ತಮ್ಮ ಗಂಡನಿಗೆ ಹೇಳುವಾಗ ಆ 'ಥರ'ವೂ ಉದುರಿಹೋಯಿತು. ಮಾತು ಒಂದೊಂದು ಬಾಯಿ ದಾಟುವಾಗಲೂ ಒಂದೊಂದು ಬಡ್ತಿ ಪಡೆದಿತ್ತು.

ಆ ಬೀಗರ ಬಗ್ಗೆ ಒಂದು ಮಾತು ಹೇಳಬೇಕು. ಕಾಗದದ ಸಗಟು ವ್ಯಾಪಾರಿ. ಇಸ್ತ್ರಿ ಕೆಡದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸಾಲು ಎನ್ನುವುದು ಬೇರೆಯವರಿಗಾಗಿ ಇರುವ ವ್ಯವಸ್ಥೆ ಎಂದು ಅವರು ನಂಬಿದ್ದರು. ಬ್ಯಾಂಕು, ಆಸ್ಪತ್ರೆ, ರೈಲಿನ ಟಿಕೆಟ್ಟು, ಎಲ್ಲಿಗೆ ಹೋದರೂ "ಅಲ್ಲಿ ನಮ್ಮವರೊಬ್ಬರಿದ್ದಾರೆ" ಎಂದು ಪಕ್ಕದ ಬಾಗಿಲಿನಿಂದ ಒಳಗೆ ನುಗ್ಗುವರು. ಈಗ ಅವರ ಪಾಲಿಗೆ ಥೀಮ್ ಪಾರ್ಕಿನಲ್ಲೂ 'ನಮ್ಮವರೊಬ್ಬರು' ಹುಟ್ಟಿಕೊಂಡಿದ್ದರು.

ಮೊದಲ ವಾರ ಕಂಡಕ್ಟರ ಜೀವನದ ಸುಖದ ವಾರ. ಜೀವನವೆಲ್ಲ ನಿಂತು ದುಡಿದವರಿಗೆ ಮಲಗಿ ಸಂಬಳ ತೆಗೆದುಕೊಳ್ಳುವ ಭಾಗ್ಯ! ಪೆಟ್ಟಿಗೆಯೊಳಗೆ ಹಳೆಯ ಪರದೆಯ ಮೆತ್ತೆ ಹಾಸಿದ್ದರು. ಮಂದ ಬೆಳಕು, ತಣ್ಣಗಿನ ಗಾಳಿ, ಆಗೊಮ್ಮೆ ಈಗೊಮ್ಮೆ ಐದಾರು ಜನರ ಗುಂಪು. ಹೆಜ್ಜೆ ಸಪ್ಪಳ ಕೇಳಿದರೆ ಏಳುವುದು, ಅವರು ಚೀರಿ ಓಡಿದ ಮೇಲೆ ಮತ್ತೆ ಮಲಗುವುದು. ಒಂದು ದಿನ ನಿಜವಾಗಿಯೂ ನಿದ್ದೆ ಹತ್ತಿತು. ಪೆಟ್ಟಿಗೆಯಿಂದ ಗೊರಕೆ ಹೊರಟಿತು. ಜನ ಬಂದರು, ಬಗ್ಗಿ ನೋಡಿದರು, ಇದು ಯಾವ ಪ್ರಾಣಿ ಎಂದು ತಿಳಿಯದೆ ಹಿಂದೆ ಹಿಂದೆ ಸರಿದು ಓಡಿದರು. ಮೇಡಂ ಬಂದು, "ಆ ಗುರ್ ಗುರ್ ಸದ್ದು ತುಂಬಾ ಚೆನ್ನಾಗಿದೆ, ಹಾಗೇ ಮುಂದುವರಿಸಿ" ಎಂದರು. ಕಂಡಕ್ಟರು ವಿನಯದಿಂದ ತಲೆ ಬಾಗಿಸಿದರು.

ಎರಡನೆಯ ವಾರ ಸುದ್ದಿ ಹಬ್ಬಿತು. ಜನ ಮುಗಿಬಿದ್ದರು.

ಪಾರ್ಕಿನ ಟಿಕೆಟ್ಟಿಗೆ ಒಂದು ದರ ಇರಲಿಲ್ಲ. ಮಂಗಳವಾರ ಒಂದು, ಶುಕ್ರವಾರ ಅದರ ಎರಡು ಪಟ್ಟು, ಶನಿವಾರ ಮೂರು ಪಟ್ಟು. ಸಾಲದೆಂದು ಶನಿವಾರಗಳಲ್ಲಿ ಗಂಟೆ ಗಂಟೆಗೂ ಏರುತ್ತಿತ್ತು. ಕಿಟಕಿಯ ಮೇಲೊಂದು ದೀಪದ ಫಲಕ. ಗಂಡ ಹೆಂಡತಿ ಹೋಗೋಣವೋ ಬೇಡವೋ ಎಂದು ಚರ್ಚಿಸುತ್ತ ನಿಂತಿದ್ದರೆ, ಅವರ ಕಣ್ಣೆದುರೇ ಅಂಕಿ ಬದಲಾಗುತ್ತಿತ್ತು. ಆಮೇಲೆ ಗಂಡ ಹೆಂಡತಿಯ ಚರ್ಚೆಯ ವಿಷಯವೂ ಬದಲಾಗುತ್ತಿತ್ತು. ಸಾಲಿನಲ್ಲಿ ನಿಲ್ಲಲಾರದವರಿಗೆ 'ಬೇಗ' ಎಂಬ ದುಬಾರಿ ಟಿಕೆಟ್ಟು ಬೇರೆ. ಅದನ್ನು ಎಷ್ಟು ಜನ ಕೊಂಡರೆಂದರೆ ಬೇಗದವರ ಸಾಲು ಸಾಮಾನ್ಯರ ಸಾಲಿಗಿಂತ ಉದ್ದವಾಯಿತು. ಪಾರ್ಕಿನವರು ಸುಮ್ಮನಿರುತ್ತಾರೆಯೇ? 'ಅತಿ ಬೇಗ' ಎಂಬ ಇನ್ನೂ ದುಬಾರಿ ಟಿಕೆಟ್ಟು ತಂದರು.

ಇದರ ಪೆಟ್ಟು ಬಿದ್ದದ್ದು ಕಂಡಕ್ಟರ ಸೊಂಟಕ್ಕೆ. ಗುಂಪು ಗುಂಪಾಗಿ ಬರುತ್ತಿದ್ದವರು ಈಗ ಇರುವೆ ಸಾಲಿನಂತೆ ಎಡೆಬಿಡದೆ ಬಂದರು. ಏಳು, ಮಲಗು, ಏಳು, ಮಲಗು. ಮುಂದಿದ್ದವರು ಚೀರಿದ್ದನ್ನು ಕೇಳಿದ ಹಿಂದಿನವರು "ಈಗ ಒಂದು ಏಳತ್ತೆ ನೋಡು" ಎಂದು ಮೊದಲೇ ಬೊಟ್ಟು ಮಾಡಿ ತೋರಿಸುತ್ತಿದ್ದರು. ಹೆದರುವವರೂ ಇಲ್ಲ, ವಿಶ್ರಾಂತಿಯೂ ಇಲ್ಲ. ಗುರುವಾರ ಸಂಜೆ ಅರ್ಧ ಎದ್ದ ಕಂಡಕ್ಟರು ಪೂರ್ತಿ ಏಳಲೂ ಆಗದೆ, ಮಲಗಲೂ ಆಗದೆ ಸಿಕ್ಕಿಕೊಂಡರು. ಹಾಗೇ ಬಾಗಿದ ಭಂಗಿಯಲ್ಲಿ ನಾಲ್ಕು ಜನ ಹಿಡಿದು ಹೊರಗೆ ತಂದರು. ಸಾಲಿನಲ್ಲಿದ್ದವರು ಇದೂ ಆಟದ ಭಾಗವೆಂದು ಚಪ್ಪಾಳೆ ತಟ್ಟಿದರು.

"ಇನ್ಮೇಲೆ ನೀವು ಹೊರಗೆ ಸಾಲಿನಲ್ಲಿ ಓಡಾಡಿಕೊಂಡಿರಿ" ಎಂದರು ಮೇಡಂ. "ಗಂಟೆಗಟ್ಟಲೆ ನಿಂತೋರಿಗೆ ಬೇಜಾರಾಗತ್ತೆ. ಸ್ವಲ್ಪ ಹೆದರಿಸಿ."

ಸಾಲು ಶುರುವಾಗುತ್ತಿದ್ದುದು ಮಧ್ಯಾಹ್ನ ನಾಲ್ಕಕ್ಕೆ, ಸುಡು ಬಿಸಿಲಿನಲ್ಲಿ. ರಬ್ಬರಿನ ಮುಖವಾಡದೊಳಗೆ ಬೆವರು ಧಾರೆಯಾಗಿ ಇಳಿಯುವುದು. ಅಂಥ ಹೊತ್ತಿನಲ್ಲಿ ದೆವ್ವಕ್ಕೆ ಹೆದರುವವರು ಯಾರು? ಹೆದರುವ ಬದಲು ಜನ ದೆವ್ವದ ಹತ್ತಿರ ದೂರು ಹೇಳಿಕೊಂಡರು. ಪಾರ್ಕಿನ ಸಿಬ್ಬಂದಿ ಎಂದು ಅವರ ಕೈಗೆ ಸಿಕ್ಕುತ್ತಿದ್ದುದು ಅದೊಂದೇ.

"ರೀ ದೆವ್ವ, ಬಾತ್‌ರೂಮ್ ಎಲ್ಲಿ?"

"ಏನ್ರೀ ಇದು, ನಿನ್ನೆ ಇದ್ದ ದರಕ್ಕೂ ಇವತ್ತಿನ ದರಕ್ಕೂ ತಾಳಮೇಳ ಬೇಡ್ವಾ?"

"ಸ್ವಲ್ಪ ಈ ಚೀಲ ಹಿಡ್ಕೊಳ್ಳಿ, ಬಂದೆ."

ಒಬ್ಬ ಅಜ್ಜಿಯಂತೂ ಅವರ ತೋಳು ಹಿಡಿದು, ತಮ್ಮ ಮೊಣಕಾಲಿನ ಕಥೆಯನ್ನು ಆದಿಯಿಂದ ಹೇಳಿದರು. ಕಂಡಕ್ಟರು ತಲೆಯಾಡಿಸುತ್ತ ಕೇಳಿದರು. ಮಾತಾಡಬಾರದೆಂಬ ಅಪ್ಪಣೆ ಇದ್ದುದರಿಂದ ಅವರು ಒಳ್ಳೆಯ ಕೇಳುಗರೆಂದು ಸಾಲಿನಲ್ಲಿ ಹೆಸರಾಯಿತು.

ಇಂಥ ಕಾಲದಲ್ಲಿ ಬೀಗಿತ್ತಿಯ ಫೋನು ಬಂತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಸುದ್ದಿ ಹೇಳಿದರು.

"ಬೀಗರು ಶನಿವಾರ ನಿಮ್ಮ ಪಾರ್ಕಿಗೆ ಬರ್ತಾರಂತೆ. ಇಬ್ಬರೂ."

ಕಂಡಕ್ಟರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. "ಶನಿವಾರ ಬೇಡ ಕಣೇ. ಮಂಗಳವಾರ ಬರಲಿ, ಟಿಕೆಟ್ ಅಗ್ಗ."

"ಟಿಕೆಟ್ಟಾ? ನೀವು ಕೆಲಸ ಮಾಡೋ ಕಡೆ ಬೀಗರು ಟಿಕೆಟ್ ತಗೋಬೇಕಾ? ಮರ್ಯಾದೆ ಏನಾಗಬೇಕು?"

"ನಾನೇನು ಮ್ಯಾನೇಜರ್ ಅಲ್ಲ ಕಣೇ."

"ಅದು ನನಗೆ ಗೊತ್ತಿಲ್ವಾ? ಆದ್ರೂ ಏನೋ ಒಂದು ಆಗಿದೀರಲ್ಲ. ಗೇಟಿನ ಹತ್ರ ಬಂದು, ನಕ್ಕು, ಒಳಗೆ ಕರ್ಕೊಂಡು ಹೋಗಿ. ಅಷ್ಟೇ."

ಆ 'ಏನೋ ಒಂದು' ಯಾವುದೆಂದು ಹೇಳಿಬಿಡಲು ಅದೇ ಸರಿಯಾದ ಸಮಯವಾಗಿತ್ತು. ಕಂಡಕ್ಟರು ಬಾಯಿ ತೆರೆದರು. ಹೆಂಡತಿ ಆ ಬಾಯಿ ನೋಡಿ ಇನ್ನಷ್ಟು ಪಲ್ಯ ಬಡಿಸಿದರು. ಮಾತು ಹೊಟ್ಟೆಗಿಳಿಯಿತು.

ಶನಿವಾರ ಮೇಡಂ ಹತ್ತಿರ ಮೂರು ಪಾಸು ಕೇಳಿದರು. "ಶನಿವಾರ ನನ್ನ ತಾಯಿಗೇ ಪಾಸಿಲ್ಲ" ಎಂದು ಮೇಡಂ ವಾಕಿಟಾಕಿ ಎತ್ತಿಕೊಂಡು ನಡೆದೇಬಿಟ್ಟರು. ಕೆಲಸದ ಹೊತ್ತಿನಲ್ಲಿ ಫೋನುಗಳೆಲ್ಲ ಕಪಾಟಿನಲ್ಲಿ. ಆದ್ದರಿಂದ ಗೇಟಿನ ಹೊರಗೆ ನಿಂತು ಹೆಂಡತಿ ಮಾಡಿದ ಕರೆಗಳೆಲ್ಲ ಕಪಾಟಿನೊಳಗೆ ರಿಂಗಾದವು.

ಬೀಗರು ಮಾತ್ರ ನಿಶ್ಚಿಂತೆಯಿಂದಿದ್ದರು. "ಬರ್ತಾರೆ, ಬರ್ತಾರೆ. ದೊಡ್ಡ ಜವಾಬ್ದಾರಿ ಇರೋರು" ಎಂದು ಗಡಿಯಾರ ನೋಡಿಕೊಳ್ಳುತ್ತ ನಿಂತರು. ಅವರು ಹಾಗೆ ನಿಂತಿದ್ದಾಗಲೇ ಫಲಕದ ಅಂಕಿ ಒಮ್ಮೆ ಏರಿತು. ಇನ್ನೊಮ್ಮೆ ಏರಿತು. ಮೂರನೆಯ ಸಲ ಏರುವ ಮೊದಲು ಕಂಡಕ್ಟರ ಹೆಂಡತಿ ಹಲ್ಲು ಕಚ್ಚಿಕೊಂಡು ಕಿಟಕಿಗೆ ಹೋದರು. ಇಡೀ ವಾರ ಹೊಲಿದ ಸಮವಸ್ತ್ರಗಳ ದುಡ್ಡು ಮೂರು ಚೀಟಿಗಳಾಗಿ ಕೈಗೆ ಬಂತು. ಅದೂ ಸಾಮಾನ್ಯ ಸಾಲಿನವು.

ಸಾಲಿನ ಮಧ್ಯದಲ್ಲಿ ತಿರುಗಾಡುತ್ತಿದ್ದ ಕಂಡಕ್ಟರು ದೂರದಿಂದಲೇ ಆ ಇಸ್ತ್ರಿ ಅಂಗಿಯನ್ನು ಗುರುತಿಸಿದರು. ಮೊದಲೇ ಮಾತು ನಿಷೇಧ, ಈಗಂತೂ ಬೀಗರನ್ನು ಕಂಡು ಬಾಯಿಗೆ ಪೂರ್ತಿ ಬೀಗ ಬಿತ್ತು. ಮರದ ಮರೆಗೆ ಸರಿಯೋಣ ಎನ್ನುವಷ್ಟರಲ್ಲಿ ಬೀಗರೇ ಚಪ್ಪಾಳೆ ತಟ್ಟಿ ಕರೆದರು.

"ಏಯ್ ದೆವ್ವ! ಇಲ್ಲಿ ಬನ್ನಿ. ನಿಮ್ಮ ಮ್ಯಾನೇಜರ್ ಎಲ್ಲಿ?"

ದೆವ್ವ ಎರಡೂ ಕೈ ಚೆಲ್ಲಿತು.

"ಅವರು ಯಾರು ಗೊತ್ತಾ? ನಮ್ಮ ಬೀಗರು!"

ಮಗಳ ಮಾವ. ಮದುವೆಯ ದಿನದಿಂದ ಕಂಡಾಗಲೆಲ್ಲ ಬಗ್ಗಿ ಕೈ ಮುಗಿದು ಅಭ್ಯಾಸ. ಮುಖವಾಡದ ಒಳಗಿದ್ದೇನೆಂಬುದನ್ನು ಮರೆತು ಕಂಡಕ್ಟರು ಹಾಗೆಯೇ ಬಗ್ಗಿ ಕೈ ಮುಗಿದರು.

ಬೀಗರು ಹೆಮ್ಮೆಯಿಂದ ಕಂಡಕ್ಟರ ಹೆಂಡತಿಯ ಕಡೆ ತಿರುಗಿದರು. "ನೋಡಿದ್ರಾ ಬೀಗಿತ್ತಿಯವರೇ? ನಿಮ್ಮವರ ಹೆಸರೆತ್ತಿದ್ದಕ್ಕೆ ದೆವ್ವನೂ ಕೈ ಮುಗೀತು. ಅಧಿಕಾರ ಅಂದ್ರೆ ಹೀಗಿರಬೇಕು."

ಕಂಡಕ್ಟರ ಹೆಂಡತಿ ದೆವ್ವವನ್ನು ನೋಡಿದರು. ದರ್ಜಿಯ ಕಣ್ಣು ಮೊದಲು ಹೋಗುವುದು ಹೊಲಿಗೆಗೆ. ನಿಲುವಂಗಿಯ ಹೊಲಿಗೆ ಅಡ್ಡಾದಿಡ್ಡಿ, ಅಂಚು ಮಡಿಸಿದ್ದು ಒಂದೆಡೆ ಮೇಲೆ, ಒಂದೆಡೆ ಕೆಳಗೆ. ಆ ಅಂಚಿನ ಕೆಳಗೆ ಒಂದು ಜೊತೆ ಬೂಟು. ಒಂದಕ್ಕೆ ಕಪ್ಪು ಲೇಸು, ಇನ್ನೊಂದಕ್ಕೆ ಕಂದು. ಹೋದ ಸೋಮವಾರ ತಾವೇ ಪೋಣಿಸಿ ಕೊಟ್ಟದ್ದು. ಕಣ್ಣು ನಿಧಾನವಾಗಿ ಮೇಲೇರಿತು. ದೆವ್ವ ಕಾಲು ಅಗಲಿಸಿ, ಸೊಂಟವನ್ನು ಕಬ್ಬಿಣದ ಕಂಬಿಗೆ ಆನಿಸಿ ನಿಂತಿತ್ತು.

ಆಕೆ ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. ಹೆಗಲು ಕುಲುಕಿತು. "ಏನಾಯ್ತು?" ಎಂದು ಬೀಗಿತ್ತಿ ಗಾಬರಿಯಾದರು. "ಏನಿಲ್ಲ, ಬಿಸಿಲಿಗೆ ಕೆಮ್ಮು" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು ಶಾಂತವಾಗಿ ಕೇಳಿದರು.

"ದೆವ್ವದವರೇ, ಸ್ವಲ್ಪ ನೀರು ತರ್ತೀರಾ?"

ದೆವ್ವ ನೀರು ತಂದಿತು.

"ನಮ್ಮ ಬೀಗಿತ್ತಿಗೆ ಮಂಡಿ ನೋವು. ಕೂರಕ್ಕೆ ಒಂದು ಸ್ಟೂಲು?"

ದೆವ್ವ ಟಿಕೆಟ್ ಕಿಟಕಿಯವನ ಸ್ಟೂಲನ್ನೇ ಎತ್ತಿಕೊಂಡು ಬಂತು. ಮನೆಯಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ ಇಷ್ಟು ಚುರುಕಾಗಿ ಓಡಾಡುವುದನ್ನು ಆಕೆ ಮೊದಲ ಸಲ ನೋಡುತ್ತಿದ್ದರು. ರಟ್ಟು ತರಿಸಿ ಗಾಳಿ ಬೀಸಿಸಿಕೊಂಡರು. ಬೀಗಿತ್ತಿಯ ಕೈಚೀಲ ಹಿಡಿಸಿದರು. ಎಲ್ಲ ಮುಗಿದ ಮೇಲೆ ಮಾತಿಗಿಳಿದರು.

"ನಿಮಗೆ ಮನೇಲಿ ಹೆಂಡತಿ ಇದಾರಾ?"

ದೆವ್ವ ತಲೆಯಾಡಿಸಿತು.

"ನೀವು ಇಲ್ಲಿ ದೆವ್ವ ಅಂತ ಅವರಿಗೆ ಹೇಳಿದೀರಾ?"

ದೆವ್ವ ಬೀಗಿತ್ತಿಯ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿತು. ಆಮೇಲೆ ಇಲ್ಲವೆಂದು ತಲೆ ಅಲ್ಲಾಡಿಸಿತು.

"ಹೇಳಬೇಕಿತ್ತು" ಎಂದರು ಆಕೆ. "ಪಾಪ, ಆ ಹೆಂಗಸು ಎಲ್ಲೋ ಮೂರು ಪಟ್ಟು ದುಡ್ಡು ಕೊಟ್ಟು ಬಿಸಿಲಲ್ಲಿ ನಿಂತಿರ್ತಾಳೆ."

ಬೀಗಿತ್ತಿಗೆ ಇದು ಅರ್ಥವಾಗದಿದ್ದರೂ ಗಂಡಸರ ಮೇಲಿನ ದೂರೆಂದು ಗೊತ್ತಾಯಿತು. ಅಷ್ಟು ಸಾಕಿತ್ತು. ಅವರೂ ತಮ್ಮ ಪಾಲಿನದು ಶುರು ಮಾಡಿದರು. ಮಕ್ಕಳ ಮದುವೆಯಾದಾಗಿನಿಂದ ಈ ಇಬ್ಬರು ಹೆಂಗಸರು "ಚೆನ್ನಾಗಿದೀರಾ", "ಊಟ ಆಯ್ತಾ" ಬಿಟ್ಟು ಮೂರನೆಯ ಮಾತಾಡಿದವರಲ್ಲ. ಈಗ ಸಾಲು ಒಂದು ಗೇಣು ಸರಿಯುವಷ್ಟರಲ್ಲಿ ಒಬ್ಬರ ತವರಿನ ಕಥೆ ಮುಗಿದು ಇನ್ನೊಬ್ಬರದು ಆರಂಭವಾಗುತ್ತಿತ್ತು. ಯಾವ ಯಂತ್ರದ ಸೂಜಿ ಬೇಗ ಮುರಿಯುತ್ತದೆ, ಅಳಿಯ ಹುಡುಗನಾಗಿದ್ದಾಗ ಎಷ್ಟು ವರ್ಷ ಹಾಸಿಗೆ ಒದ್ದೆ ಮಾಡುತ್ತಿದ್ದ, ಎಲ್ಲ ಹೊರಬಂತು. ನಗುವಂತೂ ಹಿಂದಿನ ತಿರುವಿನವರೆಗೂ ಕೇಳುತ್ತಿತ್ತು.

ಬೀಗರೊಬ್ಬರೇ ಕುದಿಯುತ್ತಿದ್ದರು. ಜೀವಮಾನದಲ್ಲಿ ಇಷ್ಟು ಹೊತ್ತು ಅವರು ಸಾಲಿನಲ್ಲಿ ನಿಂತದ್ದೇ ಇಲ್ಲ. ಇಸ್ತ್ರಿ ಕೆಟ್ಟಿತ್ತು. ಅಷ್ಟರಲ್ಲಿ ಧ್ವನಿವರ್ಧಕ ಗೊರಗೊರ ಎಂದು, "ಒಳಗೆ ಜನದಟ್ಟಣೆ ಇರುವುದರಿಂದ ಸಾಮಾನ್ಯ ಸಾಲಿನ ಪ್ರವೇಶವನ್ನು ಸ್ವಲ್ಪ ಕಾಲ ನಿಲ್ಲಿಸಲಾಗಿದೆ" ಎಂದು ಘೋಷಿಸಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಅತಿ ಬೇಗದವರು ಐಸ್‌ಕ್ರೀಮ್ ನೆಕ್ಕುತ್ತ ಒಳಗೆ ಹೋದರು.

ಬೀಗರು ಹೆಂಡತಿಯನ್ನು ಎಬ್ಬಿಸಿ, ಆ ಸ್ಟೂಲಿನ ಮೇಲೆ ಹತ್ತಿ ನಿಂತರು. "ಏನ್ರೀ ಇದು! ನಾವೇನು ಬಿಟ್ಟಿ ಬಂದಿದೀವಾ? ದುಡ್ಡು ಕೊಟ್ಟೋರು ಹೊರಗೆ, ಇನ್ನೂ ಜಾಸ್ತಿ ದುಡ್ಡು ಕೊಟ್ಟೋರು ಒಳಗೆ! ಇದು ಭೂತಬಂಗಲೇನಾ, ಹರಾಜಿನ ಕಟ್ಟೆನಾ?"

ಸಾಲು 'ಹೋ' ಎಂದಿತು. ಹಿಂದಿನವರು ಮುಂದಕ್ಕೆ ಒತ್ತಿದರು. ಅಡ್ಡಗಟ್ಟಿದ್ದ ಹಗ್ಗ ಬಿಲ್ಲಿನಂತೆ ಬಾಗಿತು. ಆಚೆಯಿಂದ ಮೇಡಂ ಕೂಗುತ್ತಿದ್ದರು: "ದೆವ್ವ! ಹಿಂದೆ ಸರಿಯಕ್ಕೆ ಹೇಳಿ! ಜೋರಾಗಿ ಹೇಳಿ!"

ಕಂಡಕ್ಟರು ಮುಖವಾಡವನ್ನು ಹಣೆಗೆ ಏರಿಸಿದರು. ಉಸಿರು ತುಂಬಿಕೊಂಡರು. 'ಹಿಂದೆ ಸರಿಯಿರಿ' ಎನ್ನಬೇಕೆಂದೇ ಅವರ ಮನಸ್ಸಿನಲ್ಲಿತ್ತು. ಇದನ್ನು ಅವರು ಇಂದಿಗೂ ಆಣೆ ಮಾಡಿ ಹೇಳುತ್ತಾರೆ. ಆದರೆ ಎದುರಿಗೆ ಕಿಕ್ಕಿರಿದ ಜನ, ಬೆವರಿನ ವಾಸನೆ, ಬಾಗಿಲಲ್ಲಿ ನೂಕುನುಗ್ಗಲು. ಮೂವತ್ತು ವರ್ಷದ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಮುಂದೆ ಹೋಗಿ, ಮುಂದೆ ಹೋಗಿ! ಒಳಗೆಲ್ಲ ಖಾಲಿ ಇದೆ! ಬಾಗಿಲಲ್ಲಿ ನಿಲ್ಲಬೇಡಿ, ಹೋಗ್ತಾ ಇರಿ!"

ಜನಕ್ಕೆ ಅಷ್ಟು ಸಾಕಾಯಿತು. ಹಗ್ಗ ಹಾರಿಹೋಯಿತು. ಸಾಮಾನ್ಯ, ಬೇಗ, ಅತಿ ಬೇಗ, ಮೂರೂ ಸಾಲು ಒಂದೇ ಹೊಳೆಯಾಗಿ ಭೂತಬಂಗಲೆಗೆ ನುಗ್ಗಿತು. ಗೋದಾಮಿನ ಬಾಗಿಲು ಲಾರಿ ಹೋಗುವಷ್ಟು ಅಗಲವಿದ್ದುದು ಪುಣ್ಯ, ಯಾರಿಗೂ ಏಟಾಗಲಿಲ್ಲ. ಒಳಗಿದ್ದ ದೆವ್ವಗಳು ಇಷ್ಟು ಜನರನ್ನು ಒಟ್ಟಿಗೆ ಕಂಡು ಹೆದರಿ ಹಿಂಬಾಗಿಲಿನಿಂದ ಓಡಿಹೋದವು. ಅವುಗಳಲ್ಲಿ ಎರಡು ಮರುದಿನವೂ ಕೆಲಸಕ್ಕೆ ಬರಲಿಲ್ಲ.

ಕಂಡಕ್ಟರು ತಮ್ಮವರನ್ನು ಹುಡುಕುತ್ತ ಒಳಹೊಕ್ಕರು. ಹೆಂಗಸರಿಬ್ಬರೂ ಕೈ ಕೈ ಹಿಡಿದು, ನಗುತ್ತ ಆಚೆ ಬಾಗಿಲಿನಿಂದ ಆಗಲೇ ಹೊರಗೆ ಹೋಗಿದ್ದರು. ಬೀಗರು ಮಾತ್ರ ಕಾಣಲಿಲ್ಲ. ಒಂದು ಮೂಲೆಯಿಂದ ಮೇಲಿಂದ ಮೇಲೆ ಚೀರಾಟ ಕೇಳುತ್ತಿತ್ತು. ಅತ್ತ ಹೋಗಿ ನೋಡಿದರೆ ತಮ್ಮದೇ ಶವಪೆಟ್ಟಿಗೆ.

ನಡೆದದ್ದಿಷ್ಟು. ನೂಕಾಟದಲ್ಲಿ ಕಾಲು ಸೋತ ಬೀಗರು ಕತ್ತಲಲ್ಲಿ ತಡಕಾಡಿ, ಮೆತ್ತಗಿನದೇನೋ ಸಿಕ್ಕಿತೆಂದು ಕೂತು, ಹಾಗೇ ಒರಗಿದ್ದರು. ಜನರ ಸಪ್ಪಳ ಕೇಳಿದಾಗಲೆಲ್ಲ ಎದ್ದು ಕೂತು, ಕೆದರಿದ ತಲೆಯಲ್ಲಿ, ಬತ್ತಿದ ದನಿಯಲ್ಲಿ, "ರೀ, ಹೊರಗೆ ಹೋಗೋ ದಾರಿ ಯಾವ ಕಡೆ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಎಷ್ಟು ನಿಜವಾದ ಸಂಕಟವಿತ್ತೆಂದರೆ, ಗಟ್ಟಿ ಎದೆಯವರೂ ಚಪ್ಪಲಿ ಬಿಟ್ಟು ಓಡುತ್ತಿದ್ದರು.

"ಬೀಗರೇ!" ಎಂದರು ಕಂಡಕ್ಟರು.

"ಬಂದ್ರಾ ಬೀಗರೇ!" ಬೀಗರ ಮುಖ ಅರಳಿತು. "ನಿಮ್ಮ ಪ್ರಭಾವ ಅಂದ್ರೆ ಪ್ರಭಾವ. ನಮಗೋಸ್ಕರ ಇಡೀ ಗೇಟೇ ತೆಗೆಸಿಬಿಟ್ರಲ್ಲ!" ಆಮೇಲೆ ಕಣ್ಣು ನಿಲುವಂಗಿಯ ಮೇಲೆ ಬಿತ್ತು. ಹಣೆಯ ಮೇಲೆ ಕೂತಿದ್ದ ಇನ್ನೊಂದು ಮುಖದ ಮೇಲೆ ಬಿತ್ತು. "ಇದೇನು ಇದು ವೇಷ?"

ಕಂಡಕ್ಟರು ಪೆಟ್ಟಿಗೆಯ ಅಂಚಿಗೆ ಸೊಂಟ ಆನಿಸಿದರು. "ಬೀಗರೇ, ನಾನು ಮ್ಯಾನೇಜರ್ ಅಲ್ಲ. ದೆವ್ವ."

ಬೀಗರು ಮುಖವಾಡವನ್ನೊಮ್ಮೆ, ಕಂಡಕ್ಟರ ಮುಖವನ್ನೊಮ್ಮೆ ನೋಡಿದರು.

"ಪರ್ಮನೆಂಟಾ?"

"ಇಲ್ಲ, ಈ ತಿಂಗಳಿಗೆ ಮಾತ್ರ."

"ಆಗ ನೀರು ತಂದುಕೊಟ್ಟಿದ್ದು?"

"ನಾನೇ."

"ಕೈ ಮುಗಿದಿದ್ದು?"

"ಅದೂ ನಾನೇ."

ಕಂಡಕ್ಟರು ತಲೆ ತಗ್ಗಿಸಿ ಬೈಗುಳಕ್ಕೆ ಕಾದರು. ಅಷ್ಟರಲ್ಲಿ ಇನ್ನೊಂದು ಗುಂಪು ಬಂತು. ಬೀಗರು ತಟಕ್ಕನೆ ಎದ್ದು ಕೂತು, ಈ ಸಲ ಬೇಕೆಂದೇ ಕತ್ತನ್ನು ಒಂದು ಕಡೆಗೆ ವಾಲಿಸಿ, "ದಾಆಆರಿ..." ಎಂದರು. ಗುಂಪು ಚೆಲ್ಲಾಪಿಲ್ಲಿಯಾಯಿತು. ಬೀಗರು ತೃಪ್ತಿಯಿಂದ ಮತ್ತೆ ಒರಗಿಕೊಂಡರು.

"ಬೀಗರೇ, ನಿಮಗೊಂದು ಮಾತು ಹೇಳ್ತೀನಿ, ಮನೇಲಿ ಹೇಳಬೇಡಿ" ಎಂದರು. "ಅಂಗಡಿ ಈಗ ಪೂರ್ತಿ ಮಗ ನೋಡ್ಕೋತಾನೆ. ನಾನು ಗಲ್ಲಾಪೆಟ್ಟಿಗೆ ಹತ್ರ ಕೂತಿರ್ತೀನಿ, ಅಷ್ಟೇ. ನಾನು ಕೆಮ್ಮಿದ್ರೆ ಮೊದಲು ಆಳುಗಳೆಲ್ಲ ಎದ್ದು ನಿಲ್ಲೋರು. ಈಗ ಮಾತ್ರೆ ತಗೊಂಡ್ರಾ ಅಂತ ಕೇಳ್ತಾರೆ. ಇಲ್ಲಿ ನೋಡಿ, ಬರೀ ದಾರಿ ಕೇಳಿದ್ರೆ ಜನ ಓಡ್ತಾರೆ." ದನಿ ತಗ್ಗಿಸಿದರು. "ಇಲ್ಲಿ ಇನ್ನೊಂದು ಜಾಗ ಖಾಲಿ ಇದೆಯಾ?"

ಮೇಡಂ ಬಂದವರು ಕಂಡಕ್ಟರನ್ನು ಹಿಗ್ಗಾಮುಗ್ಗಾ ಬೈದರು. ಕೆಲಸದಿಂದ ತೆಗೆಯುವವರೇ ಇದ್ದರು. ಆದರೆ ಭಾನುವಾರಕ್ಕೆ ದೆವ್ವಗಳ ಕೊರತೆ ಎದುರಿಗಿತ್ತು, ಪೆಟ್ಟಿಗೆಯಲ್ಲಿ ಹೊಸ ಪ್ರತಿಭೆಯೊಂದು ಮಲಗಿತ್ತು. ಕೊನೆಗೆ ಇಬ್ಬರನ್ನೂ ಇಟ್ಟುಕೊಂಡರು. ಬೀಗರು ಪೆಟ್ಟಿಗೆಗೆ, ಕಂಡಕ್ಟರು ಸಾಲಿಗೆ; ಜೀವ ಹೋದರೂ ಬಾಯಿ ತೆರೆಯಬಾರದೆಂಬ ಕರಾರು. ಇಷ್ಟೆಲ್ಲ ನಡೆದ ಮೇಲೆ ಆಡಳಿತದವರೂ ಎಚ್ಚೆತ್ತರು. ದಪ್ಪ ಹಗ್ಗ ತಂದು ಕಟ್ಟಿದರು. ಹಗ್ಗದ ಖರ್ಚಿಗೆಂದು ಟಿಕೆಟ್ಟಿನ ದರ ಇನ್ನಷ್ಟು ಏರಿಸಿದರು.

ಅಂದು ಕಂಡಕ್ಟರು ನಿಲುವಂಗಿಯಲ್ಲೇ ಹೆಂಡತಿಯ ಹಿಂದೆ ಹಿಂದೆ ಮನೆಗೆ ಬಂದರು. ಬಾಗಿಲ ಬೀಗ ತೆಗೆಯುತ್ತ ಆಕೆ ಕೇಳಿದರು.

"ದೆವ್ವ ಆಗಿದೀನಿ ಅಂದಿದ್ರೆ ನಾನೇನು ಬಿಟ್ಟು ಓಡಿಹೋಗ್ತಿದ್ನಾ?"

"ನಾಚಿಕೆ ಆಯ್ತು ಕಣೇ."

"ನಾಚಿಕೆ ಆಗಬೇಕಾದ್ದು ಆ ಹೊಲಿಗೆಗೆ. ಅದೇನು ಅಂಚೋ, ಅದೇನು ತೋಳೋ! ನಾಲ್ಕು ಜನರ ಮುಂದೆ ಅದನ್ನ ಹಾಕ್ಕೊಂಡು ನಿಂತಿದ್ರಲ್ಲ. ಬಿಚ್ಚಿ ಕೊಡಿ ಇಲ್ಲಿ."

ಮರುದಿನ ಬೆಳಗ್ಗೆ ಶಾಲೆಯ ಸಮವಸ್ತ್ರಗಳನ್ನು ಪಕ್ಕಕ್ಕಿಟ್ಟು, ನಿಲುವಂಗಿಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದರು. ಹೆಗಲಿಗೆ ಅಳತೆ, ತೋಳಿಗೆ ನೆರಿಗೆ, ಒಳಗೆ ಬೆವರು ಹೀರುವ ಹತ್ತಿಯ ಅಸ್ತರು. ನೀರಿನ ಬಾಟಲಿಗೆಂದು ಗುಟ್ಟಿನ ಜೇಬು ಬೇರೆ. ಅದನ್ನು ನೋಡಿದ ಮೇಡಂ ಉಳಿದ ದೆವ್ವಗಳ ಬಟ್ಟೆಗಳನ್ನೂ ಕಳಿಸಿದರು. ಶನಿವಾರದ ಟಿಕೆಟ್ಟಿಗೆ ಹೋದ ದುಡ್ಡು ಹೀಗೆ ಪಾರ್ಕಿನಿಂದಲೇ ವಾಪಸ್ಸು ಬಂತು, ಸ್ವಲ್ಪ ಬಡ್ಡಿಯನ್ನೂ ಸೇರಿಸಿಕೊಂಡು.

ತಿಂಗಳ ಕೊನೆಯ ದಿನ ಸೋಮವಾರ ಬಿತ್ತು. ದರ ಅರ್ಧಕ್ಕಿಳಿಸಿದ್ದರೂ ಬಂದಿದ್ದವರು ಬೆರಳೆಣಿಕೆಯ ಮಂದಿ. ನೋಡಬೇಕಾದವರೆಲ್ಲ ದುಬಾರಿ ದಿನಗಳಲ್ಲೇ ನೋಡಿ ಮುಗಿಸಿದ್ದರು. ಆ ದಿನ ಸಿಬ್ಬಂದಿಗೆ ಪಾಸು ಕೊಟ್ಟರು. ಕಂಡಕ್ಟರ ಹೆಂಡತಿ, ಬೀಗಿತ್ತಿ ಇಬ್ಬರೂ ಬಂದರು. ಸಾಲಿಲ್ಲ, ನೂಕಿಲ್ಲ. ನೇರವಾಗಿ ಒಳಗೆ ಹೋದರು.

ಬೀಗರು ತಮ್ಮ ಹೆಂಡತಿಗೆಂದೇ ವಿಶೇಷವಾಗಿ ಸಿದ್ಧರಾಗಿದ್ದರು. ನಿಧಾನವಾಗಿ ಎದ್ದು, ಕಣ್ಣು ಮೇಲೆ ಮಾಡಿ, ನಾಲಗೆ ಹೊರಚಾಚಿದರು. ಬೀಗಿತ್ತಿ ಬಗ್ಗಿ ನೋಡಿ, "ನಾಲಗೆ ಬೆಳ್ಳಗಿದೆ. ಮಧ್ಯಾಹ್ನದ ಮಾತ್ರೆ ತಗೊಂಡಿಲ್ವಾ?" ಎಂದು ಕೇಳಿ ಮುಂದೆ ನಡೆದರು.

ಹೊರಗೆ ಬಂದ ಮೇಲೆ ಕಂಡಕ್ಟರ ಹೆಂಡತಿ ಹಿಂದಿರುಗಿ ಬಂಗಲೆಯನ್ನು ನೋಡಿದರು. "ಇಷ್ಟೇನಾ?"

"ಇಷ್ಟೇ ಕಣ್ರೀ. ಒಳಗೆ ಹೋದ್ವಿ, ಬಂದ್ವಿ" ಎಂದರು ಬೀಗಿತ್ತಿ. "ಅವತ್ತೇ ಚೆನ್ನಾಗಿತ್ತು. ಅಂದ ಹಾಗೆ, ನಿಮ್ಮ ಅತ್ತಿಗೆ ಕಥೆ ಅರ್ಧಕ್ಕೆ ನಿಂತಿತ್ತಲ್ಲ?"

ಇಬ್ಬರೂ ಖಾಲಿ ಸಾಲಿನ ಕಬ್ಬಿಣದ ಕಂಬಿಗಳ ನಡುವೆ ಹೋಗಿ ನಿಂತರು. ಆಮೇಲೆ ಒಂದು ಸ್ಟೂಲು ತರಿಸಿಕೊಂಡು, ಅದು ಸಾಲದೆ ಇನ್ನೊಂದು ತರಿಸಿಕೊಂಡು, ಅಲ್ಲೇ ಕೂತರು. ದೂರದಿಂದ ನೋಡಿದ ಮೇಡಂ ವಾಕಿಟಾಕಿಯಲ್ಲಿ ಕೇಳಿದರು, "ಸಾಲಿನಲ್ಲಿ ಇಬ್ಬರು ಕಾಯ್ತಾ ಇದಾರಲ್ಲ, ಯಾಕೆ ಒಳಗೆ ಬಿಡ್ತಿಲ್ಲ?"

ಬಾಗಿಲಿನವನ ವಾಕಿಟಾಕಿಯಲ್ಲಿ ಅದನ್ನು ಕೇಳಿದ ಕಂಡಕ್ಟರು ಕರಾರು ಮರೆತು ಬಾಯಿ ತೆರೆದರು. "ಅವರು ಒಳಗೆ ಹೋಗಕ್ಕೆ ನಿಂತಿಲ್ಲ ಮೇಡಂ."